ಬ್ಯಾಕಪ್ಪಿಗೊಂದು ಬೇರೆ ದಾರಿ

ಒಂದು ಕಾಲಕ್ಕೆ ಬ್ಯಾಂಕುಗಳ ಕಂಪ್ಯೂಟರ್ ಕೋಣೆಯಲ್ಲಿ ರಾತ್ರಿ ಅಂದರೆ ರಾತ್ರಿಯೇ ಆಗಿತ್ತು. ನೆಫ್ಟ್ ಸಂಜೆ 7ಕ್ಕೆ ಬಾಗಿಲು ಹಾಕುತ್ತಿತ್ತು. ಶಾಖೆಗಳು 'ಡೇ ಎಂಡ್' ಮುಗಿಸಿದ ಮೇಲೆ ಸರ್ವರ್‌ಗಳಿಗೆ ಹೇಳಿಕೊಳ್ಳುವಂಥ ಕೆಲಸ ಇರುತ್ತಿರಲಿಲ್ಲ. ಆ ಬಿಡುವಿನಲ್ಲಿ ಬ್ಯಾಕಪ್ ನಡೆಯುತ್ತಿತ್ತು. ದಿನವಿಡೀ ಸೇರಿದ ಲೆಕ್ಕಪತ್ರದ ಇನ್ನೊಂದು ಪ್ರತಿ ಬೇರೊಂದು ಯಂತ್ರಕ್ಕೋ ಟೇಪಿಗೋ ಹೋಗಿ ಕೂರುತ್ತಿತ್ತು. ಆಮೇಲೆ 2010ರಲ್ಲಿ ಐಎಂಪಿಎಸ್ ಬಂತು, 2016ರಲ್ಲಿ ಯುಪಿಐ ಬಂತು. 2019ರ ಡಿಸೆಂಬರ್ 16ರಿಂದ ನೆಫ್ಟ್, ಮರುವರ್ಷ ಡಿಸೆಂಬರ್ 14ರಿಂದ ಆರ್‌ಟಿಜಿಎಸ್ ಹಗಲೂ ರಾತ್ರಿಯೂ ತೆರೆದವು. ಈಗ ರಾತ್ರಿ ಎರಡು ಗಂಟೆಗೆ ಹೆದ್ದಾರಿ ಬದಿಯಲ್ಲಿ ಲಾರಿ ನಿಲ್ಲಿಸಿ ಚಹಾ ಕುಡಿದವರು ಹದಿನೈದು ರೂಪಾಯಿಗೆ ಸ್ಕ್ಯಾನ್ ಮಾಡಿದರೆ, ಎಲ್ಲೋ ಒಂದು ಸರ್ವರ್ ಆ ಗಳಿಗೆಯಲ್ಲೇ ಎದ್ದು ಉತ್ತರ ಕೊಡಬೇಕು. ಬ್ಯಾಕಪ್ಪಿಗೆ ಮೀಸಲಾಗಿದ್ದ ರಾತ್ರಿ ಹೀಗೆ ಕೈತಪ್ಪಿತು. ಬ್ಯಾಕಪ್ ಮಾತ್ರ ತಪ್ಪಲಿಲ್ಲ, ತಪ್ಪಿಸುವ ಹಾಗೂ ಇಲ್ಲ. ಡೇಟಾ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಲೇ ಇದೆ.

ಇವತ್ತು ನಾನು ಮಾತಾಡಬೇಕೆಂದಿರುವುದು ಈ ಇಕ್ಕಟ್ಟಿಗೆ ಕಂಪ್ಯೂಟರ್ ಕೋಣೆಯವರು ಕಂಡುಕೊಂಡ ಒಂದು ಹಳೆಯ, ಸರಳ ಉಪಾಯದ ಬಗ್ಗೆ. ಜನ ಬಳಸುವ ನೆಟ್‌ವರ್ಕ್ ಒಂದು, ಬ್ಯಾಕಪ್ ಓಡಾಡುವ ನೆಟ್‌ವರ್ಕ್ ಇನ್ನೊಂದು. ಸರಳ ಅಂದೆ. ಹೇಳಲಿಕ್ಕೆ ಸರಳ. ಬೇರೆ ಮಾಡಿದ್ದೇವೆ ಎಂದುಕೊಂಡು ಬೇರೆ ಮಾಡದೇ ಇರುವ ಜಾಗಗಳು ಬಹಳ ಇವೆ. ಇದನ್ನು ವೇಗದ ವಿಷಯ ಅಂತಲೇ ಎಲ್ಲರೂ ಮಾತಾಡುತ್ತಾರೆ. ನನ್ನ ಮಟ್ಟಿಗೆ ವೇಗ ಇದರ ಅರ್ಧ ಕಥೆ, ಅದೂ ಚಿಕ್ಕ ಅರ್ಧ.

ಮೊದಲು ಆ ಚಿಕ್ಕ ಅರ್ಧ ನೋಡೋಣ. ಅರಸೀಕೆರೆ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿ ನಿಂತಿರುವುದನ್ನು ನೀವು ನೋಡಿರುತ್ತೀರಿ. ಎಕ್ಸ್‌ಪ್ರೆಸ್ ದಾಟಿಹೋಗುವ ತನಕ ಅದು ಲೂಪ್ ಲೈನಿನಲ್ಲಿ ಕಾಯುತ್ತದೆ. ಅಲ್ಲಿ ಸ್ಟೇಷನ್ ಮಾಸ್ಟರ್ ಇದ್ದಾರೆ, ಯಾರು ಮೊದಲು ಎಂದು ಅವರು ನಿರ್ಧರಿಸುತ್ತಾರೆ. ನೆಟ್‌ವರ್ಕ್ ಸ್ವಿಚ್ಚಿನಲ್ಲಿ ತಾನಾಗಿ ಅಂಥ ಯಜಮಾನಿಕೆ ಇಲ್ಲ. ಬ್ಯಾಕಪ್ಪಿನ ಉದ್ದನೆಯ ಗೂಡ್ಸೂ, ಕೌಂಟರಿನಲ್ಲಿ ರಸೀದಿ ಕೊಡುವ ಗುಮಾಸ್ತರ ಪುಟ್ಟ ಕೋರಿಕೆಯೂ ಅದರ ಕಣ್ಣಿಗೆ ಒಂದೇ. ಎರಡನ್ನೂ ಸಾಲಿನಲ್ಲಿ ನಿಲ್ಲಿಸುತ್ತದೆ. ಸಾಲು ತುಂಬಿದರೆ ಬಂದದ್ದನ್ನು ಬೀಳಿಸುತ್ತದೆ. ಬಿದ್ದದ್ದನ್ನು ಕಳಿಸಿದವರು ಮತ್ತೆ ಕಳಿಸಬೇಕು. ಹೊರಗೆ ನಿಂತವರಿಗೆ ಅದು ಕಾಣುವುದು ಪರದೆಯ ಮೇಲೆ ಸುತ್ತುವ ಚಕ್ರವಾಗಿ. "ಸರ್ವರ್ ಬ್ಯುಸಿ ಇದೆ, ಮಧ್ಯಾಹ್ನದ ಮೇಲೆ ಬನ್ನಿ" ಎಂಬ ಮಾತಾಗಿ. ಸರ್ವರ್ ಅಷ್ಟೇನೂ ಬ್ಯುಸಿ ಇಲ್ಲದಿರಬಹುದು. ಅದರ ಬಾಗಿಲಿನಲ್ಲಿ ದಟ್ಟಣೆ ಅಷ್ಟೆ.

ಲೆಕ್ಕ ಒಂದಿಷ್ಟು ಹೇಳುತ್ತೇನೆ, ಬೇಸರಿಸಬೇಡಿ. ಈಥರ್ನೆಟ್ ಹುಟ್ಟಿದ್ದು 1973ರಲ್ಲಿ, ಅಮೆರಿಕದ ಝೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಪ್ರಯೋಗಾಲಯದಲ್ಲಿ. ಸಾಮಾನ್ಯ ತಾಮ್ರದ ಕೇಬಲ್ಲಿನಲ್ಲಿ ಒಂದು ಗಿಗಾಬಿಟ್ ಓಡಿಸುವ ಮಾನಕ 1999ರಲ್ಲಿ ಬಂತು. ಕಾಲು ಶತಮಾನ ಕಳೆದರೂ ನಮ್ಮ ಜಿಲ್ಲಾಮಟ್ಟದ ಆಸ್ಪತ್ರೆ, ಕಾಲೇಜು, ಸಹಕಾರಿ ಸಂಘಗಳ ಸರ್ವರ್‌ಗಳ ಬೆನ್ನಿನಲ್ಲಿ ನೀವು ನೋಡುವುದು ಹೆಚ್ಚಾಗಿ ಅದೇ ಗಿಗಾಬಿಟ್ ಪೋರ್ಟು. ಸೆಕೆಂಡಿಗೆ 125 ಮೆಗಾಬೈಟ್ ಎಂಬುದು ಕಾಗದದ ಮೇಲಿನ ಮಾತು. ವಿಳಾಸ, ತಲೆಬರಹಗಳ ಭಾರ ಕಳೆದರೆ ಕೈಗೆ ಸಿಗುವುದು 110ರ ಆಸುಪಾಸು. ಅಂದರೆ ಒಂದು ಟೆರಾಬೈಟ್ ಸಾಗಿಸಲು ಎರಡೂವರೆ ಗಂಟೆ. ಅದೂ ದಾರಿಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ.

ಬಯಲುಸೀಮೆಯ ಒಂದು ಊರಿನ ಆಸ್ಪತ್ರೆಯಲ್ಲಿ ಇದು ಹೇಗೆ ಕಂಡಿತು ಎಂದು ಹೇಳುತ್ತೇನೆ. ಆ ಊರಿನ ಹೆಸರು ಬೇಡ. ಸೋಮವಾರ ಬೆಳಗಾದರೆ ಲ್ಯಾಬ್ ರಿಪೋರ್ಟ್ ತೆರೆಯುವುದು ನಿಧಾನ, ಸಿಟಿ ಸ್ಕ್ಯಾನಿನ ಚಿತ್ರ ಡಾಕ್ಟರ ಕೋಣೆಗೆ ಬರುವುದು ಇನ್ನೂ ನಿಧಾನ. ಮಂಗಳವಾರ ಏನೂ ಇಲ್ಲ. "ಸೋಮವಾರ ಬಂತೆಂದ್ರೆ ಈ ಸಿಸ್ಟಮ್ಮಿಗೆ ಜ್ವರ ಬರುತ್ತೆ ಸಾರ್" ಎಂದು ಲ್ಯಾಬಿನ ಹುಡುಗ ನಗುತ್ತಿದ್ದ. ಸೋಮವಾರ ಹೊರರೋಗಿಗಳು ಜಾಸ್ತಿ, ಅದಕ್ಕೇ ನಿಧಾನ ಎಂದು ಆಡಳಿತದವರು ಸಮಾಧಾನ ಮಾಡಿಕೊಂಡಿದ್ದರು. ತಂತ್ರಾಂಶ ಮಾರಿದವರು ದೊಡ್ಡ ಸರ್ವರ್ ಕೊಳ್ಳಿರಿ ಎಂದಿದ್ದರು. ನಿಜ ಸಂಗತಿ ಏನೆಂದರೆ, ವಾರದ ಪೂರ್ತಿ ಬ್ಯಾಕಪ್ ಭಾನುವಾರ ರಾತ್ರಿ 10ಕ್ಕೆ ಹೊರಡುತ್ತಿತ್ತು. ಅದನ್ನು ಮೊದಲು ಹೊಂದಿಸಿದಾಗ ಡೇಟಾ ಒಂದೂವರೆ ಟೆರಾಬೈಟ್. ಬೆಳಗಿನ ಜಾವ ಎರಡಕ್ಕೆಲ್ಲ ಮುಗಿದುಹೋಗುತ್ತಿತ್ತು. ಸ್ಕ್ಯಾನ್ ಚಿತ್ರಗಳು ಸೇರಿ ಸೇರಿ ಅದು ಆರು ಟೆರಾಬೈಟ್ ಮುಟ್ಟಿತ್ತು. ಆರನ್ನು ಎರಡೂವರೆಯಿಂದ ಗುಣಿಸಿ: ಹದಿನೈದು ಗಂಟೆ. ಅಂದರೆ ಸೋಮವಾರ ಮಧ್ಯಾಹ್ನ ಒಂದರವರೆಗೆ ಬ್ಯಾಕಪ್ ಓಡುತ್ತಲೇ ಇತ್ತು, ಅದೇ ಕೇಬಲ್ಲಿನಲ್ಲಿ ಇಡೀ ಆಸ್ಪತ್ರೆಯೂ ಓಡುತ್ತಿತ್ತು. ಸರ್ವರಿನ ಪ್ರೊಸೆಸರ್ ಅರ್ಧ ನಿದ್ದೆಯಲ್ಲಿತ್ತು. ದೊಡ್ಡ ಸರ್ವರ್ ತಂದಿದ್ದರೆ ಅದೂ ಅಲ್ಲೇ ನಿದ್ದೆ ಮಾಡುತ್ತಿತ್ತು.

ಪರಿಹಾರ ಹೇಳುವುದು ಸುಲಭ. ಪ್ರತಿ ಸರ್ವರಿಗೂ ಇನ್ನೊಂದು ನೆಟ್‌ವರ್ಕ್ ಕಾರ್ಡು. ಆ ಕಾರ್ಡುಗಳೆಲ್ಲ ಹೋಗಿ ಸೇರಲು ಇನ್ನೊಂದು ಸ್ವಿಚ್ಚು. ಅದರಲ್ಲಿ ಸರ್ವರ್‌ಗಳು ಮತ್ತು ಬ್ಯಾಕಪ್ ಸರ್ವರ್ ಬಿಟ್ಟರೆ ಇನ್ಯಾವ ಕಂಪ್ಯೂಟರೂ ಇಲ್ಲ. ಕೇಬಲ್ಲಿನ ಬಣ್ಣವೂ ಬೇರೆ ಇರಲಿ ಎಂದು ಅನುಭವಸ್ಥರು ಹೇಳುತ್ತಾರೆ. ಅಲಂಕಾರಕ್ಕಲ್ಲ. ಮಧ್ಯರಾತ್ರಿ ಯಾರೋ ರ್‍ಯಾಕಿನ ಹಿಂದೆ ಟಾರ್ಚು ಹಿಡಿದು ನಿಂತಾಗ ಹಳದಿ ಕೇಬಲ್ ನೀಲಿ ಕೇಬಲ್ಲಿನ ಜಾಗಕ್ಕೆ ಹೋಗಬಾರದು. ಅದಕ್ಕೆ ವಿಳಾಸವೂ ಬೇರೆ: ಮನೆಯೊಳಗಿನ ಬಳಕೆಗೆ ಎಂದು 1996ರಲ್ಲೇ ಜಗತ್ತಿನಾದ್ಯಂತ ಮೀಸಲಿಟ್ಟ ವಿಳಾಸಗಳಿವೆ, 10ರಿಂದ, 172.16ರಿಂದ, 192.168ರಿಂದ ಶುರುವಾಗುವಂಥವು. ಜನರ ಜಾಲ 10.10 ಎಂದಿದ್ದರೆ ಬ್ಯಾಕಪ್ ಜಾಲ 192.168.50 ಎಂದಿಟ್ಟುಕೊಳ್ಳಿ. ನೋಡಿದ ಕೂಡಲೇ ಯಾವುದು ಯಾವುದು ಎಂದು ಗೊತ್ತಾಗಬೇಕು.

ಆ ಆಸ್ಪತ್ರೆಯಲ್ಲೂ ಹೀಗೇ ಮಾಡಿದರು. ಕಾರ್ಡು ಬಂತು, ಸ್ವಿಚ್ಚು ಬಂತು, ಬಿಲ್ಲೂ ಪಾಸಾಯಿತು. ಮುಂದಿನ ಸೋಮವಾರ ಮತ್ತೆ ಜ್ವರ.

ಇಲ್ಲೇ ವಿಷಯದ ತಿರುಳಿರುವುದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹೊಸ ಸ್ವಿಚ್ಚಿನ ಮುಂದೆ ಕೂತು ನೋಡಿದರೆ ಎಲ್ಲ ಪೋರ್ಟಿನ ದೀಪಗಳೂ ಹಸಿರು. ಕೇಬಲ್ ಸರಿ ಇದೆ, ಆಚೆ ತುದಿಯಲ್ಲಿ ಜೀವ ಇದೆ ಎಂಬುದಷ್ಟೇ ಹಸಿರು ದೀಪದ ಅರ್ಥ. ಪ್ರತಿ ಪೋರ್ಟಿಗೂ ಒಂದು ಎಣಿಕೆ ಇರುತ್ತದೆ, ಇಲ್ಲಿಯವರೆಗೆ ಎಷ್ಟು ಬೈಟ್ ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂದು. ಭಾನುವಾರ ರಾತ್ರಿ ಬ್ಯಾಕಪ್ ಭರದಿಂದ ನಡೆಯುತ್ತಿರುವಾಗ ಹೊಸ ಪೋರ್ಟಿನ ಎಣಿಕೆ ಕೆಲವು ಕಿಲೋಬೈಟಿನಲ್ಲಿ ತೆವಳುತ್ತಿತ್ತು. ಹಳೆಯ ಪೋರ್ಟಿನದು ಸೆಕೆಂಡಿಗೆ 110 ಮೆಗಾಬೈಟ್ ಏರುತ್ತಿತ್ತು. ಹೊಸ ದಾರಿ ಸಿದ್ಧವಾಗಿದೆ, ಅದರಲ್ಲಿ ಒಂದು ನರಪಿಳ್ಳೆಯೂ ನಡೆಯುತ್ತಿಲ್ಲ.

ಕಾರಣ ಇಷ್ಟು. ಬ್ಯಾಕಪ್ ತಂತ್ರಾಂಶ ಸರ್ವರನ್ನು ಹೆಸರಿನಿಂದ ಕರೆಯುತ್ತದೆ, ಉದಾಹರಣೆಗೆ 'ಲ್ಯಾಬ್‌ಡಿಬಿ' ಎಂದು. ಆ ಹೆಸರಿಗೆ ವಿಳಾಸ ಹೇಳುವುದು ಡಿಎನ್‌ಎಸ್. ಡಿಎನ್‌ಎಸ್ಸಿಗೆ ಗೊತ್ತಿರುವುದು ಹಳೆಯ 10.10ರ ವಿಳಾಸ. ವಿಳಾಸ ಯಾವ ಜಾಲದ್ದೋ ಆ ಜಾಲದ ಕಾರ್ಡಿನಿಂದಲೇ ಡೇಟಾ ಹೊರಡುತ್ತದೆ. ಬೆನ್ನಿಗೆ ಇನ್ನೊಂದು ಕಾರ್ಡು ಚುಚ್ಚಿದ್ದಾರೆ, ಅದು ಖಾಲಿ ಇದೆ, ಅದರಲ್ಲಿ ಹೋಗೋಣ ಎಂದು ಯಾವ ಯಂತ್ರವೂ ತಾನಾಗಿ ಯೋಚಿಸುವುದಿಲ್ಲ. ಬ್ಯಾಕಪ್ ಸರ್ವರಿನ ಹೋಸ್ಟ್ಸ್ ಫೈಲಿನಲ್ಲಿ 'ಲ್ಯಾಬ್‌ಡಿಬಿ ಅಂದರೆ 192.168.50.20' ಎಂದು ಒಂದು ಸಾಲು ಬರೆಯಬೇಕು. ಸರ್ವರಿನ ಕಡೆಯಲ್ಲೂ ಬ್ಯಾಕಪ್ ಸರ್ವರಿನ ಹೆಸರಿಗೆ ಹಾಗೆಯೇ. ಇಲ್ಲವಾದರೆ ಬ್ಯಾಕಪ್ಪಿಗೆಂದೇ ಬೇರೆ ಹೆಸರು ಇಟ್ಟು ಅದನ್ನು ಬಳಸಬೇಕು. ವೀಮ್, ನೆಟ್‌ಬ್ಯಾಕಪ್‌ನಂಥ ತಂತ್ರಾಂಶಗಳಲ್ಲಿ ಯಾವ ಜಾಲವನ್ನು ಮೊದಲು ಆರಿಸಬೇಕು ಎಂದು ನಮೂದಿಸುವ ಜಾಗವೂ ಇದೆ. ಆ ಆಸ್ಪತ್ರೆಯಲ್ಲಿ ಸಾವಿರಾರು ರೂಪಾಯಿಯ ಸಾಮಾನು ಮಾಡದ ಕೆಲಸವನ್ನು ಆ ಒಂದೆರಡು ಸಾಲು ಮಾಡಿದವು. ಎಣಿಕೆ ಈ ಕಡೆ ನಿಂತಿತು, ಆ ಕಡೆ ಏರತೊಡಗಿತು.

ಇದರ ಮಗ್ಗುಲಲ್ಲೇ ಇನ್ನೆರಡು ಗುಂಡಿಗಳಿವೆ. ವಿಂಡೋಸ್ ಸರ್ವರಿಗೆ ಎರಡನೇ ಕಾರ್ಡು ಹಾಕಿದರೆ, ಅದು ತನ್ನ ಹೊಸ ವಿಳಾಸವನ್ನೂ ಡಿಎನ್‌ಎಸ್ಸಿನಲ್ಲಿ ತಾನೇ ನೋಂದಾಯಿಸಿಕೊಳ್ಳುತ್ತದೆ. ಆ ನೋಂದಣಿ ಬೇಡ ಎನ್ನುವುದಕ್ಕೆ ಸೆಟ್ಟಿಂಗಿನಲ್ಲಿ ಒಂದು ಟಿಕ್ ತೆಗೆಯಬೇಕು. ತೆಗೆಯದಿದ್ದರೆ ಬಳಕೆದಾರರ ಕಂಪ್ಯೂಟರುಗಳು ಹೆಸರು ಕೇಳಿದಾಗ ಒಮ್ಮೆ ಸರಿಯಾದ ವಿಳಾಸ, ಒಮ್ಮೆ ಬ್ಯಾಕಪ್ ಜಾಲದ ವಿಳಾಸ ಸಿಗುತ್ತದೆ. ಎರಡನೆಯದಕ್ಕೆ ಅವರಿಂದ ದಾರಿಯೇ ಇಲ್ಲ. ಹೀಗಾಗಿ ಒಂದೇ ಕೋಣೆಯಲ್ಲಿ ಪಕ್ಕಪಕ್ಕ ಕೂತ ಇಬ್ಬರಲ್ಲಿ ಒಬ್ಬರಿಗೆ ಸಿಸ್ಟಮ್ ಸರಿ, ಇನ್ನೊಬ್ಬರಿಗೆ ಇಲ್ಲ. ಇಂಥ ದೂರು ಹಿಡಿದು ಹೊರಟವರು ತಲೆ ಕೆರೆದುಕೊಳ್ಳುವುದು ಖಂಡಿತ. ಇನ್ನೊಂದು ಗುಂಡಿ ಗೇಟ್‌ವೇ. ಒಂದು ಸರ್ವರಿಗೆ ಹೊರದಾರಿಯ ಬಾಗಿಲು ಒಂದೇ ಇರಬೇಕು, ಅದು ಜನರ ಜಾಲದಲ್ಲೇ ಇರಬೇಕು. ಬ್ಯಾಕಪ್ ಕಾರ್ಡಿನ ಗೇಟ್‌ವೇ ಜಾಗ ಖಾಲಿ ಬಿಡಬೇಕು. ಫಾರಂ ಕಂಡರೆ ಎಲ್ಲ ಅಂಕಣಗಳನ್ನೂ ತುಂಬುವ ನಮ್ಮ ಅಭ್ಯಾಸ ಇಲ್ಲಿ ಮುಳುವಾಗುತ್ತದೆ. ಎರಡು ಕಡೆಯೂ ತುಂಬಿದರೆ ಒಂದು ಬಾಗಿಲಿನಿಂದ ಬಂದ ಪ್ರಶ್ನೆಗೆ ಇನ್ನೊಂದು ಬಾಗಿಲಿನಿಂದ ಉತ್ತರ ಹೊರಡುತ್ತದೆ, ಮಧ್ಯದ ಫೈರ್‌ವಾಲ್ ಅದನ್ನು ಅನುಮಾನಿಸಿ ತಡೆಯುತ್ತದೆ.

ವರ್ಚುವಲ್ ಯಂತ್ರಗಳ ಕಾಲದಲ್ಲಿ ಇನ್ನೊಂದು ಮೋಸವಿದೆ. ಒಂದೇ ಕಬ್ಬಿಣದ ಪೆಟ್ಟಿಗೆಯೊಳಗೆ ಇಪ್ಪತ್ತು ಸರ್ವರ್ ಓಡುತ್ತಿರುವಾಗ, ಪ್ರತಿಯೊಂದಕ್ಕೂ ಎರಡನೇ ಕಾರ್ಡು ಕೊಟ್ಟು ತೃಪ್ತಿಪಡುವವರಿದ್ದಾರೆ. ಆದರೆ ಇಡೀ ಯಂತ್ರದ ಚಿತ್ರವನ್ನೇ ತೆಗೆಯುವ ಬ್ಯಾಕಪ್ಪು ಆ ಒಳಗಿನ ಕಾರ್ಡುಗಳನ್ನು ಮುಟ್ಟುವುದೇ ಇಲ್ಲ. ಜಾಲದ ಮೂಲಕ ತೆಗೆಯುವುದಾದರೆ ಪೆಟ್ಟಿಗೆಯ ಸ್ವಂತ ಮ್ಯಾನೇಜ್‌ಮೆಂಟ್ ಪೋರ್ಟಿನಿಂದ ಹೊರಡುತ್ತದೆ. ವಿಎಂವೇರ್‌ನವರು 2020ರಲ್ಲಿ ಬಂದ ವಿಸ್ಫಿಯರ್ 7ರಲ್ಲಿ ಬ್ಯಾಕಪ್ಪಿಗೆಂದೇ ಒಂದು ಒಳಪೋರ್ಟನ್ನು ಗುರುತಿಸುವ ಸೌಲಭ್ಯ ಕೊಟ್ಟಿದ್ದು ಇದಕ್ಕೇ. ಕಾರ್ಡು ಚುಚ್ಚುವ ಮೊದಲು ಡೇಟಾ ಎಲ್ಲಿಂದ ಹೊರಡುತ್ತದೆ ಎಂದು ಕೇಳಬೇಕು.

ಜಂಬೋ ಫ್ರೇಮ್ ಎಂಬ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು. 1500 ಬೈಟಿನ ತುಂಡುಗಳ ಬದಲು 9000 ಬೈಟಿನ ತುಂಡುಗಳಲ್ಲಿ ಡೇಟಾ ಕಳಿಸುವುದು. ಬೇರೆ ಜಾಲ ಮಾಡಿದ ಕೂಡಲೇ ಹುಡುಗರಿಗೆ ಇದರ ಮೇಲೆ ಕಣ್ಣು. ಲಾಭ ಸ್ವಲ್ಪ ಇದೆ, ಇಲ್ಲವೆನ್ನಲಾರೆ. ಆದರೆ ದಾರಿಯಲ್ಲಿ ಒಂದೇ ಒಂದು ಸ್ವಿಚ್ಚು ಹಳೆಯ ಅಳತೆಯಲ್ಲಿ ಉಳಿದರೂ, ಸಣ್ಣ ಪಿಂಗ್ ಹೋಗುತ್ತದೆ, ಲಾಗಿನ್ ಆಗುತ್ತದೆ, ಬ್ಯಾಕಪ್ 'ಶುರುವಾಗಿದೆ' ಎಂದೂ ತೋರಿಸುತ್ತದೆ. ದೊಡ್ಡ ಡೇಟಾ ಹೊರಟ ಕ್ಷಣಕ್ಕೆ ಎಲ್ಲ ಮರಗಟ್ಟುತ್ತದೆ. ಮೊದಲು ಜಾಲ ಸರಿಯಾಗಿ ನಡೆಯಲಿ, ಈ ಶೋಕಿ ಆಮೇಲೆ ಎಂದು ನಾನು ಹೇಳುತ್ತೇನೆ.

ಎಲ್ಲರಿಗೂ ಬೇರೆ ಸ್ವಿಚ್ಚು ಬೇಕೇ? ಖಂಡಿತ ಬೇಡ. ಎರಡು ಸರ್ವರ್ ಇರುವ ಕ್ಲಿನಿಕ್ಕಿಗೆ, ಸಣ್ಣ ಪ್ರೆಸ್ಸಿಗೆ, ರಾತ್ರಿ ಒಂದು ಹಾರ್ಡ್ ಡಿಸ್ಕಿಗೆ ಪ್ರತಿ ತೆಗೆದು ಬೆಳಿಗ್ಗೆ ಅದನ್ನು ಕಿತ್ತು ಬೀರುವಿನಲ್ಲಿಟ್ಟರೆ ಸಾಕು. ಮಧ್ಯಮ ಗಾತ್ರದವರಿಗೆ ಇರುವ ಸ್ವಿಚ್ಚಿನಲ್ಲೇ ವಿಲ್ಯಾನ್ ಮಾಡಿಕೊಡಬಹುದು. 1998ರಲ್ಲಿ ಮಾನಕವಾದ ಈ ಪದ್ಧತಿಯಲ್ಲಿ ಒಂದೇ ಸ್ವಿಚ್ಚು ಎರಡು ಸ್ವಿಚ್ಚಿನಂತೆ ನಡೆದುಕೊಳ್ಳುತ್ತದೆ. ಒಂದು ಮಾತು ಮಾತ್ರ ನೆನಪಿರಲಿ: ಒಂದೇ ಕೇಬಲ್ಲಿನಲ್ಲಿ ಎರಡು ವಿಲ್ಯಾನ್ ಓಡಿಸಿದರೆ ಯಾರು ಯಾರನ್ನು ನೋಡಬಹುದು ಎಂಬುದು ಬೇರೆಯಾಗುತ್ತದೆ, ಕೇಬಲ್ ಅಗಲವಾಗುವುದಿಲ್ಲ. ಅಲ್ಲಿ ಬ್ಯಾಕಪ್ಪಿನ ವೇಗಕ್ಕೆ ಒಂದು ಮಿತಿ ಹಾಕಬೇಕು.

ಮಿತಿ ಹಾಕುವುದಕ್ಕೂ ಮಿತಿ ಇದೆ ಎನ್ನುವುದಕ್ಕೆ ಟೇಪು ಸಾಕ್ಷಿ. ಟೇಪು ಸತ್ತುಹೋಯಿತು ಎಂದುಕೊಂಡವರು ಬಹಳ; ಎಲ್‌ಟಿಒ ಒಂಬತ್ತನೇ ಪೀಳಿಗೆಯ ಒಂದು ಕ್ಯಾಸೆಟ್ಟಿನಲ್ಲಿ 18 ಟೆರಾಬೈಟ್ ಹಿಡಿಯುತ್ತದೆ, ಸೆಕೆಂಡಿಗೆ 400 ಮೆಗಾಬೈಟ್ ಬರೆಯುತ್ತದೆ. ಆದರೆ ಅದಕ್ಕೆ ಓಡುತ್ತಿರಬೇಕು. ಡೇಟಾ ತೀರಾ ನಿಧಾನವಾಗಿ ಬಂದರೆ ಟೇಪು ನಿಲ್ಲುತ್ತದೆ, ಹಿಂದಕ್ಕೆ ಸುತ್ತಿಕೊಳ್ಳುತ್ತದೆ, ಮತ್ತೆ ಓಟ ಹಿಡಿದು ಬರೆಯುತ್ತದೆ, ಮತ್ತೆ ನಿಲ್ಲುತ್ತದೆ. ರಾತ್ರಿಯಿಡೀ ಹೀಗೆ ಹಿಂದೆಮುಂದೆ ಉಜ್ಜಿದರೆ ಟೇಪೂ ಸವೆಯುತ್ತದೆ, ಹೆಡ್ಡೂ ಸವೆಯುತ್ತದೆ. ಆ ಡ್ರೈವಿಗೆ ಗಿಗಾಬಿಟ್ ಜಾಲ ಹೊಟ್ಟೆಗೆ ಸಾಲದು.

ಇನ್ನು ದೊಡ್ಡ ಅರ್ಧಕ್ಕೆ ಬರುತ್ತೇನೆ. ಬ್ಯಾಕಪ್ ಜಾಲ ಬೇಕೇ ಎಂದು ಕೇಳಿದಾಗ ಹಣಕಾಸಿನವರು ಕೊಡುವ ಜಾಣ ಉತ್ತರ ಒಂದಿದೆ: "ದಿನಕ್ಕೆ ಬದಲಾಗುವುದು ನೂರಕ್ಕೆ ಎರಡು ಮೂರು ಭಾಗ. ಬದಲಾದದ್ದನ್ನಷ್ಟೇ ಕಳಿಸಿದರೆ ಆಯಿತಲ್ಲ." ಸರಿಯಾದ ಮಾತು, ಈಗಿನ ತಂತ್ರಾಂಶಗಳು ಹಾಗೆಯೇ ಮಾಡುತ್ತವೆ. ಆದರೆ ಡಿಸ್ಕು ಸುಟ್ಟ ದಿನ ಮರಳಿ ತರುವಾಗ ಬದಲಾದದ್ದಷ್ಟೇ ತಂದರೆ ಆಗುವುದಿಲ್ಲ. ಪೂರ್ತಿ ಬೇಕು, ಕೂಡಲೇ ಬೇಕು, ಹೊರಗೆ ಜನ ನಿಂತಿರುವಾಗ ಬೇಕು. ಬ್ಯಾಕಪ್ ಜಾಲದ ಅಗಲವನ್ನು ಅಳೆಯಬೇಕಾದದ್ದು ತೆಗೆದುಕೊಂಡು ಹೋಗುವ ರಾತ್ರಿಯ ಲೆಕ್ಕದಲ್ಲಿ ಅಲ್ಲ, ತರುವ ದಿನದ ಲೆಕ್ಕದಲ್ಲಿ.

ಗಿಟ್‌ಲ್ಯಾಬ್ ಎಂಬ ಕಂಪನಿ ಇದನ್ನು ಜಗತ್ತಿನೆದುರೇ ಅನುಭವಿಸಿತು. 2017ರ ಜನವರಿ 31ರಂದು ಅವರ ಒಬ್ಬ ಇಂಜಿನಿಯರ್ ಎರಡನೇ ಡೇಟಾಬೇಸಿನ ಕಡತಗಳನ್ನು ಅಳಿಸಲು ಹೋಗಿ ಮುಖ್ಯ ಡೇಟಾಬೇಸಿನದನ್ನೇ ಅಳಿಸಿದರು. ತಪ್ಪು ಗೊತ್ತಾಗುವಷ್ಟರಲ್ಲಿ ಸುಮಾರು 300 ಗಿಗಾಬೈಟ್ ಹೋಗಿತ್ತು. ದಿನಾ ನಡೆಯಬೇಕಿದ್ದ ಬ್ಯಾಕಪ್ ತಂತ್ರಾಂಶದ ಆವೃತ್ತಿ ಹೊಂದದೆ ಸೋಲುತ್ತಿತ್ತು. ಸೋತಿದೆ ಎಂದು ಹೇಳುವ ಇಮೇಲುಗಳು ಯಾರಿಗೂ ತಲುಪುತ್ತಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಮುಂಚೆ ಒಬ್ಬರು ಬೇರೆ ಕೆಲಸಕ್ಕೆಂದು ಒಂದು ಪ್ರತಿ ತೆಗೆದು ಪ್ರಯೋಗದ ಸರ್ವರಿನಲ್ಲಿ ಇಟ್ಟಿದ್ದರು. ಪ್ರತಿ ಇತ್ತು, ಸುಭದ್ರವಾಗಿತ್ತು. ಆದರೆ ಅದು ಕೂತಿದ್ದ ಡಿಸ್ಕು ಅಗ್ಗದ್ದು, ಬಹಳ ನಿಧಾನದ್ದು. ಅಲ್ಲಿಂದ ಮುಖ್ಯ ಸರ್ವರಿಗೆ ಸಾಗಿಸುವುದರಲ್ಲೇ ಗಂಟೆಗಟ್ಟಲೆ ಹೋಯಿತು. ಅವರು ದುರಸ್ತಿಯನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿದರು. ಸಾವಿರಾರು ಜನ ಒಂದು ಪ್ರತಿ ತೆವಳಿಕೊಂಡು ಬರುವುದನ್ನು ಕೂತು ನೋಡಿದರು.

ಇದಕ್ಕಿಂತ ಗಂಭೀರವಾದದ್ದು ರಕ್ಷಣೆಯ ಪ್ರಶ್ನೆ. ಹಣ ಕೀಳುವ ದುಷ್ಟ ತಂತ್ರಾಂಶ, ರ್‍ಯಾನ್ಸಮ್‌ವೇರ್, ಡೇಟಾಕ್ಕೆ ಬೀಗ ಹಾಕುವ ಮೊದಲು ಹುಡುಕುವುದೇ ಬ್ಯಾಕಪ್ಪನ್ನು. ಪ್ರತಿ ಉಳಿದರೆ ಯಾರೂ ಹಣ ಕೊಡುವುದಿಲ್ಲ ಎಂದು ಅದನ್ನು ಬರೆದವರಿಗೆ ಗೊತ್ತು. 2022ರ ನವೆಂಬರ್ 23ರ ಬೆಳಿಗ್ಗೆ ದೆಹಲಿಯ ಏಮ್ಸ್ ಆಸ್ಪತ್ರೆಯ ಇ-ಹಾಸ್ಪಿಟಲ್ ವ್ಯವಸ್ಥೆ ನಿಂತುಹೋದದ್ದು ನಿಮಗೆ ನೆನಪಿರಬಹುದು. ಐದು ಸರ್ವರ್‌ಗಳು, ಸುಮಾರು 1.3 ಟೆರಾಬೈಟ್ ಡೇಟಾ ಬೀಗ ಬಿದ್ದ ಸ್ಥಿತಿಗೆ ಬಂದವು ಎಂದು ಸರ್ಕಾರ ಸಂಸತ್ತಿನಲ್ಲಿ ತಿಳಿಸಿತು. ಕಾರಣವಾಗಿ ಹೇಳಿದ್ದು, ನೆಟ್‌ವರ್ಕನ್ನು ಸರಿಯಾಗಿ ಭಾಗಮಾಡಿರಲಿಲ್ಲ ಎಂಬುದನ್ನು. ಅದೇ ಸಂಸತ್ತಿನ ಉತ್ತರಗಳಲ್ಲಿ ಇನ್ನೊಂದು ವಾಕ್ಯವೂ ಇತ್ತು: ಒಂದು ಬ್ಯಾಕಪ್ ಸರ್ವರಿಗೆ ಸೋಂಕು ತಗುಲಿರಲಿಲ್ಲ, ಇ-ಹಾಸ್ಪಿಟಲ್‌ನ ಎಲ್ಲ ಡೇಟಾ ಅದರಿಂದ ಹೊಸ ಸರ್ವರ್‌ಗಳಿಗೆ ಮರಳಿತು. ನೋಂದಣಿ, ದಾಖಲಾತಿ, ಬಿಡುಗಡೆ ಎಲ್ಲ ಸುಮಾರು ಎರಡು ವಾರ ಕಾಗದದ ಮೇಲೆ ನಡೆದವು. ನನ್ನ ಹಳೆಯ ಲೆಕ್ಕದಲ್ಲಿ 1.3 ಟೆರಾಬೈಟಿಗೆ ಮೂರು ಗಂಟೆ ಚಿಲ್ಲರೆ. ಉಳಿದ ಹೊತ್ತೆಲ್ಲ ಹೊಸ ಸರ್ವರ್ ಹೊಂದಿಸುವುದಕ್ಕೆ, ಅಷ್ಟು ದೊಡ್ಡ ಆಸ್ಪತ್ರೆಯ ಜಾಲವನ್ನೂ ಸಾವಿರಾರು ಕಂಪ್ಯೂಟರುಗಳನ್ನೂ ಶುಚಿಮಾಡುವುದಕ್ಕೆ ಬೇಕಾಯಿತು. ಪ್ರತಿ ಇದ್ದರೂ ಅದನ್ನು ಇಳಿಸಲು ಶುಚಿಯಾದ ಜಾಗ ಬೇಕಲ್ಲ.

ಅದಕ್ಕೂ ಮುಂಚೆ, 2017ರ ಜೂನ್ 27ರಂದು, ಡೆನ್ಮಾರ್ಕಿನ ಹಡಗು ಕಂಪನಿ ಮೇರ್ಸ್ಕ್‌ಗೆ ಆದದ್ದು ಇನ್ನೂ ವಿಚಿತ್ರ. ಯುಕ್ರೇನಿನ ಒಂದು ಲೆಕ್ಕಪತ್ರ ತಂತ್ರಾಂಶದ ಮೂಲಕ ಹೊರಟ ನಾಟ್‌ಪೆಟ್ಯಾ ಎಂಬ ಮಾರಿ ಅವರ ಜಗತ್ತಿನಾದ್ಯಂತದ ಜಾಲವನ್ನು ನುಂಗಿತು. ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿನಲ್ಲಿ ಅವರ ಗುಂಪಿನ ಟರ್ಮಿನಲ್ಲಿಗೂ ಬಿಸಿ ತಟ್ಟಿತು. ಸಿಬ್ಬಂದಿಯ ಗುರುತು, ಯಾರಿಗೆ ಯಾವ ಅಧಿಕಾರ ಎಂಬುದನ್ನು ಇಟ್ಟುಕೊಳ್ಳುವ ಡೊಮೈನ್ ಕಂಟ್ರೋಲರ್ ಸರ್ವರ್‌ಗಳು ಅವರಲ್ಲಿ ಸುಮಾರು 150 ಇದ್ದವು. ಒಂದು ಕೆಟ್ಟರೆ ಇನ್ನೊಂದರಿಂದ ತಂದುಕೊಂಡರಾಯಿತು ಎಂದು ಅವು ಒಂದಕ್ಕೊಂದು ಪ್ರತಿಯಾಗಿದ್ದವು. ಎಲ್ಲವೂ ಒಂದೇ ಜಾಲದಲ್ಲಿದ್ದವು, ಎಲ್ಲವೂ ಒಟ್ಟಿಗೆ ಅಳಿಸಿಹೋದವು. ಒಂದು ಬಿಟ್ಟು. ಆ ಹೊತ್ತಿನಲ್ಲಿ ಘಾನಾ ದೇಶದ ಕಚೇರಿಯಲ್ಲಿ ಕರೆಂಟು ಹೋಗಿತ್ತು, ಅಲ್ಲಿನ ಸರ್ವರ್ ಆಫ್ ಆಗಿತ್ತು. ಕರೆಂಟು ಹೋದದ್ದಕ್ಕೆ ಒಂದು ಬಹುರಾಷ್ಟ್ರೀಯ ಕಂಪನಿ ದೇವರಿಗೆ ಕೈಮುಗಿದ ಸಂದರ್ಭ ಇದೊಂದೇ ಇರಬೇಕು. ಅದರ ಡೇಟಾವನ್ನು ಇಂಗ್ಲೆಂಡಿಗೆ ಕಳಿಸೋಣವೆಂದರೆ ಘಾನಾದ ಲೈನು ಅಷ್ಟು ಸಣ್ಣದು, ದಿನಗಟ್ಟಲೆ ಬೇಕು. ಡಿಸ್ಕನ್ನೇ ಕೈಯಲ್ಲಿ ಹಿಡಿದು ಹೊರಡೋಣವೆಂದರೆ ಅಲ್ಲಿನ ಸಿಬ್ಬಂದಿಗೆ ಬ್ರಿಟಿಷ್ ವೀಸಾ ಇಲ್ಲ. ಒಬ್ಬರು ಅದನ್ನು ನೈಜೀರಿಯಾಕ್ಕೆ ಒಯ್ದು ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬರ ಕೈಗಿತ್ತರು, ಅವರು ಲಂಡನ್ನಿಗೆ ಹಾರಿದರು. ಆಮೇಲೆ ಸುಮಾರು ಹತ್ತು ದಿನದಲ್ಲಿ 4,000 ಸರ್ವರ್, 45,000 ಕಂಪ್ಯೂಟರ್ ಹೊಸದಾಗಿ ಕಟ್ಟಿದೆವು ಎಂದು ಕಂಪನಿಯ ಅಧ್ಯಕ್ಷರು ಮುಂದಿನ ವರ್ಷ ದಾವೋಸ್‌ನಲ್ಲಿ ಹೇಳಿದರು.

ಸರಿ, ಬ್ಯಾಕಪ್ಪಿಗೆ ಬೇರೆ ಜಾಲ ಮಾಡಿದರೆ ಇಂಥದ್ದರಿಂದ ಪಾರಾಗಬಹುದೇ? ಸರಿಯಾಗಿ ಮಾಡಿದರೆ ಬಹಳಮಟ್ಟಿಗೆ. ಅರೆಬರೆ ಮಾಡಿದರೆ ಮೊದಲಿಗಿಂತ ಕೆಡುಕು. ಏಕೆಂದು ಹೇಳುತ್ತೇನೆ, ಇದನ್ನು ಗಮನಿಸದ ದೊಡ್ಡ ದೊಡ್ಡ ಸಂಸ್ಥೆಗಳಿವೆ. ಸಾಮಾನ್ಯವಾಗಿ ಹೊರಜಗತ್ತಿಗೆ ತೆರೆದ ವೆಬ್ ಸರ್ವರನ್ನು ಫೈರ್‌ವಾಲಿನ ಹೊರಮಗ್ಗುಲಲ್ಲಿ, ಖಾತೆ ವಿವರಗಳ ಡೇಟಾಬೇಸನ್ನು ಒಳಗೆ ಇಡುತ್ತಾರೆ. ಮಧ್ಯೆ ಲಕ್ಷಾಂತರ ರೂಪಾಯಿಯ ಕಾವಲು. ಈಗ ಬ್ಯಾಕಪ್ಪಿಗೆ ಎಂದು ಎರಡಕ್ಕೂ ಹಿಂದಿನಿಂದ ಒಂದೊಂದು ಕೇಬಲ್ ಎಳೆದು ಒಂದೇ ಸ್ವಿಚ್ಚಿಗೆ ಸೇರಿಸಿದಿರಿ. ವೆಬ್ ಸರ್ವರಿಗೆ ನುಗ್ಗಿದ ಕಳ್ಳನಿಗೆ ಇನ್ನು ಫೈರ್‌ವಾಲಿನ ಗೊಡವೆಯೇ ಬೇಡ. ಹಿತ್ತಿಲಿನಿಂದ ನೇರ ಡೇಟಾಬೇಸಿಗೆ ಹೋಗುತ್ತಾನೆ. ಅಷ್ಟೇ ಅಲ್ಲ, ಆ ಜಾಲದ ಮೇಲೆ ಯಾರ ನಿಗಾವೂ ಇರುವುದಿಲ್ಲ. ಬ್ಯಾಕಪ್ ಜಾಲ ತಾನೇ, ಒಳಗಿನದು ತಾನೇ ಎಂಬ ಸಸಾರ.

ಇದಕ್ಕೆ ಮದ್ದಿದೆ, ದುಬಾರಿಯೂ ಅಲ್ಲ. ಸ್ವಲ್ಪ ಒಳ್ಳೆಯ ಸ್ವಿಚ್ಚುಗಳಲ್ಲಿ ಪೋರ್ಟುಗಳನ್ನು ಪರಸ್ಪರ ಬೇರ್ಪಡಿಸುವ ಅವಕಾಶವಿರುತ್ತದೆ. ಪ್ರೈವೇಟ್ ವಿಲ್ಯಾನ್ ಎನ್ನುತ್ತಾರೆ. ಅದರಲ್ಲಿ ಪ್ರತಿ ಸರ್ವರೂ ಬ್ಯಾಕಪ್ ಸರ್ವರ್ ಒಂದರ ಜೊತೆ ಮಾತ್ರ ಮಾತಾಡಬಹುದು, ಪಕ್ಕದ ಸರ್ವರಿನ ಜೊತೆ ಇಲ್ಲ. ಬ್ಯಾಕಪ್ಪಿಗೆ ಬೇಕಾದ ಒಂದೆರಡು ಪೋರ್ಟ್ ಬಿಟ್ಟು ಉಳಿದೆಲ್ಲ ಮುಚ್ಚಬೇಕು. ಮುಖ್ಯವಾಗಿ ಫೈಲ್ ಹಂಚಿಕೆಯ 445ನೇ ಬಾಗಿಲು ಸುಮ್ಮನೆ ತೆರೆದಿರಬಾರದು. 2017ರ ಮೇ 12ರಂದು ವಾನಾಕ್ರೈ ಲೋಕ ಸುತ್ತಿದ್ದು ಆ ಬಾಗಿಲಿನಿಂದಲೇ. ಸರ್ವರ್‌ಗಳು ತಂದು ಹಾಕುವ ಬದಲು ಬ್ಯಾಕಪ್ ಸರ್ವರೇ ಬಂದು ಎತ್ತಿಕೊಂಡು ಹೋಗುವಂತಿದ್ದರೆ ಇನ್ನೂ ಉತ್ತಮ. ಆಗ ಸರ್ವರಿಗೆ ನುಗ್ಗಿದವನಿಗೆ ಬ್ಯಾಕಪ್ ಇರುವ ಕೋಣೆಯ ಕೀಲಿ ಸಿಗುವುದಿಲ್ಲ. ಕೀಲಿ ಅಂದದ್ದಕ್ಕೆ ಇದೂ ಸೇರಲಿ: ಎಲ್ಲ ಸರ್ವರಿಗೂ ಹೋಗುವ ಅಡ್ಮಿನ್ ಪಾಸ್‌ವರ್ಡೇ ಬ್ಯಾಕಪ್ ಸರ್ವರಿಗೂ ಹೋಗುವುದಾದರೆ, ಕೇಬಲ್ ಎಷ್ಟು ಬೇರೆ ಇದ್ದರೂ ವ್ಯರ್ಥ. ನಾಟ್‌ಪೆಟ್ಯಾ ಒಂದು ಯಂತ್ರದ ನೆನಪಿನಿಂದ ಪಾಸ್‌ವರ್ಡ್ ಕದ್ದು ಮುಂದಿನ ಯಂತ್ರಕ್ಕೆ ರಾಜಾರೋಷವಾಗಿ ಲಾಗಿನ್ ಆಗುತ್ತಿತ್ತು.

ಬೆಂಕಿಗೆ ಮಾತ್ರ ಈ ಯಾವುದೂ ಉತ್ತರವಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಕಟ್ಟಡವೇ ಸುಟ್ಟುಹೋಯಿತು. ಸರ್ವರೂ ಬ್ಯಾಕಪ್ಪೂ ಅಲ್ಲೇ ಇಟ್ಟುಕೊಂಡಿದ್ದ ಗಿರಾಕಿಗಳು ಎರಡನ್ನೂ ಕಳೆದುಕೊಂಡರು. ಪ್ರತಿಗಳಲ್ಲಿ ಒಂದು ಬೇರೆ ಊರಿನಲ್ಲಿರಬೇಕು. ಅದಕ್ಕೆ ದಾರಿ ಇಂಟರ್ನೆಟ್ಟೋ, ಬಾಡಿಗೆ ಲೈನೋ, ಟೇಪು ಹೊತ್ತ ಜೀಪೋ, ಅದು ಬೇರೆಯೇ ಭಾಷಣ.

ಆ ಆಸ್ಪತ್ರೆಯ ಕಥೆಯಲ್ಲಿ ಒಂದು ಬಾಕಿ ಇದೆ. ಹೋಸ್ಟ್ಸ್ ಫೈಲ್ ಸರಿಮಾಡಿ ಸೋಮವಾರದ ಜ್ವರ ಇಳಿದ ಮೇಲೆ, ಅಲ್ಲಿನ ಆಡಳಿತಾಧಿಕಾರಿ ಒಂದು ಒಳ್ಳೆಯ ಪ್ರಶ್ನೆ ಕೇಳಿದರು: "ಎಲ್ಲ ಹೋಯಿತು ಅಂತಿಟ್ಟುಕೊಳ್ಳಿ, ಎಷ್ಟು ಹೊತ್ತಿಗೆ ತರ್ತೀರಿ?" ಲೆಕ್ಕ ಹಾಕಿದರೆ ಮತ್ತೆ ಅದೇ ಹದಿನೈದು ಗಂಟೆ, ದಾರಿ ಬೇರೆ ಅಷ್ಟೆ. ಹಾಗಾಗಿ ಬ್ಯಾಕಪ್ ಜಾಲವನ್ನು ಹತ್ತು ಗಿಗಾಬಿಟ್ಟಿಗೆ ಏರಿಸಿದರು. ಕಾಗದದಲ್ಲಿ ಆರು ಟೆರಾಬೈಟಿಗೆ ಒಂದೂವರೆ ಗಂಟೆ. ಒಂದು ಭಾನುವಾರ ಖಾಲಿ ಸರ್ವರೊಂದಕ್ಕೆ ನಿಜವಾಗಿಯೇ ಮರಳಿ ಇಳಿಸಿ ನೋಡಿದರು. ಎಣಿಕೆ ಸೆಕೆಂಡಿಗೆ 200 ಮೆಗಾಬೈಟಿಗೆ ಹೋಗಿ ಅಲ್ಲೇ ನಿಂತಿತು, ಮೇಲೇಳಲೇ ಇಲ್ಲ. ಕೇಬಲ್ ಬದಲಿಸಿದರು, ಪೋರ್ಟ್ ಬದಲಿಸಿದರು. ಜಾಲದಲ್ಲಿ ಏನೂ ದೋಷವಿರಲಿಲ್ಲ. ಬ್ಯಾಕಪ್ ಸರ್ವರಿನೊಳಗಿನ ಹಳೆಯ ಡಿಸ್ಕುಗಳು ಅದಕ್ಕಿಂತ ಜೋರಾಗಿ ಓದಿಕೊಡಲಾರವು. ಎಂಟು ಗಂಟೆ ಚಿಲ್ಲರೆ ಹಿಡಿಯಿತು. ಹದಿನೈದಕ್ಕಿಂತ ವಾಸಿ ಎಂದು ಆ ಅಂಕಿಯನ್ನೇ ದಾಖಲೆಗೆ ಬರೆದುಕೊಂಡರು. ಹೊಸ ಡಿಸ್ಕುಗಳಿಗೆ ಮೂರು ಕೊಟೇಶನ್ ತರಿಸಿ ಖರೀದಿ ವಿಭಾಗಕ್ಕೆ ಕೊಟ್ಟಿದ್ದಾರೆ.